ಬಿಡುಗಡೆ ಪತ್ರಕ್ಕೆ ಮಗು ಸಹಿ ಹಾಕಿಲ್ಲ

(ವಿದ್ಯಾರ್ಥಿ ನಿಲಯಗಳ ಹುಡುಗ ಹುಡುಗಿಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ವಿಚ್ಛೇದನ ಮತ್ತು ಮಕ್ಕಳ ಜೀವನಾಂಶ. ಬೋರ್ಡಿನ ಮೇಲೆ ಇದನ್ನು ಬರೆದ ಕೂಡಲೇ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಮದುವೆಯೇ ಆಗದ ಹಾಸ್ಟೆಲ್ ಹುಡುಗರಿಗೆ ಡೈವೋರ್ಸಿನ ಪಾಠ ಯಾಕೆ ಅಂತ ನಗು. ನಗಬಹುದು. ಆದರೆ ಹಾಸ್ಟೆಲ್ಲಿಗೆ ಸೇರುವಾಗ ನಾವೆಲ್ಲರೂ ಒಂದು ಅರ್ಜಿ ತುಂಬಿದ್ದೇವೆ. ಅದರಲ್ಲಿ ತಂದೆಯ ಹೆಸರು ಅಂತ ಒಂದು ಕಾಲಂ, ಆದಾಯ ಅಂತ ಇನ್ನೊಂದು ಕಾಲಂ. ಅಲ್ಲಿಗೆ ಬಂದಾಗ ನಮ್ಮಲ್ಲಿ ಎಷ್ಟೋ ಜನರ ಪೆನ್ನು ನಿಂತಿದೆ. ಅಪ್ಪನ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಅಪ್ಪನಿಗೆ ದುಡಿಮೆ ಇದೆ, ಅದರಲ್ಲಿ ಒಂದು ರೂಪಾಯಿಯೂ ಮನೆಗೆ ಬಂದಿಲ್ಲ. ಅವ್ವ ಕೂಲಿ ಮಾಡಿದಳು, ಅಜ್ಜಿ ಸಾಕಿದಳು, ಸರ್ಕಾರದ ಹಾಸ್ಟೆಲ್ಲು ಅನ್ನ ಹಾಕಿತು. ಬಿಟ್ಟುಹೋದ ಆ ಮನುಷ್ಯನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಕೇಳಬೇಕಾದ್ದು ಏನು, ಎಲ್ಲಿ, ಹೇಗೆ ಅನ್ನುವುದೇ ಇವತ್ತಿನ ಮಾತು. ನಮ್ಮ ಕೇರಿಯಿಂದಲೇ ಶುರು ಮಾಡೋಣ.

ನಮ್ಮಲ್ಲಿ ಗಂಡ ಹೆಂಡಿರು ಬೇರೆಯಾಗುವುದು ಹೊಸದಲ್ಲ. ಮೇಲ್ಜಾತಿಯವರು ಮದುವೆ ಅಂದರೆ ಏಳೇಳು ಜನ್ಮದ ಗಂಟು ಅಂತ ಮಂತ್ರ ಹೇಳಿಕೊಂಡು, ಗಂಡ ಸತ್ತವಳ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲದಲ್ಲೂ ನಮ್ಮ ಹೆಣ್ಣುಮಗಳು ಬಾಳಿಕೆಗೆ ಬಾರದ ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಸಂಸಾರ ಹೂಡುತ್ತಿದ್ದಳು. ಹಳೇ ಮೈಸೂರಿನ ಕಡೆ ಅದನ್ನು ಕೂಡಿಕೆ ಅಂದರು, ಉತ್ತರ ಕರ್ನಾಟಕದಲ್ಲಿ ಉಡಿಕೆ ಅಂದರು. ಯಜಮಾನರು ಕೂರುತ್ತಿದ್ದರು, ಎರಡೂ ಕಡೆಯವರ ಮಾತು ಕೇಳುತ್ತಿದ್ದರು, ಬಿಡುಗಡೆ ಮಾಡುತ್ತಿದ್ದರು. ಬೆಳಗಾವಿ, ಧಾರವಾಡದ ಸೀಮೆಯಲ್ಲಿ ಸೋಡಚೀಟಿ ಬರೆದುಕೊಡುತ್ತಿದ್ದರು. ಹಿಂದೂ ಕೋಡ್ ಬಿಲ್ಲಿನ ಚರ್ಚೆ ನಡೆದಾಗ, ವಿಚ್ಛೇದನ ಬಂದರೆ ಹಿಂದೂ ಧರ್ಮವೇ ಮುಳುಗಿಹೋಗುತ್ತದೆ ಅಂತ ಕೂಗಿದವರಿಗೆ ಬಾಬಾಸಾಹೇಬ್ ಅಂಬೇಡ್ಕರ್ ಕೊಟ್ಟ ಉತ್ತರಗಳಲ್ಲಿ ಇದೂ ಒಂದು: ಶೂದ್ರರಲ್ಲಿ ವಿಚ್ಛೇದನದ ರೂಢಿ ಮೊದಲಿಂದಲೂ ಇದೆ. ಆ ಬಿಲ್ಲನ್ನು ಮುಂದಕ್ಕೆ ಹೋಗಗೊಡದೆ ಹಿಡಿದಿಟ್ಟದ್ದು ಅವರು 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಡಲು ದೊಡ್ಡ ಕಾರಣ. ಬಿಲ್ಲನ್ನು ತುಂಡು ತುಂಡು ಮಾಡಿ ಆಮೇಲೆ ಪಾಸು ಮಾಡಿದರು. 1955ರ ಹಿಂದೂ ವಿವಾಹ ಕಾಯ್ದೆ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದದ್ದು ಹಾಗೆ.

ಕೂಡಿಕೆಯ ರೂಢಿ ನಮ್ಮ ಹೆಣ್ಣಿಗೆ ಕೊಟ್ಟ ಬಿಡುಗಡೆ ಸಣ್ಣದಲ್ಲ. ಆದರೆ ಆ ಪಂಚಾಯ್ತಿಯ ಲೆಕ್ಕವನ್ನು ಒಂದು ಸಲ ಬಿಚ್ಚಿ ನೋಡಬೇಕು. ಅದರಲ್ಲಿ ತೆರದ ಹಣ ಇತ್ತು. ಸೀರೆ, ತಾಳಿ, ಕಾಲುಂಗುರ ಇತ್ತು. ತಪ್ಪುದಂಡ ಇತ್ತು, ಎಲೆ ಅಡಿಕೆ ಇತ್ತು, ಕೊನೆಗೆ ಯಜಮಾನರ ಹೆಂಡದ ದುಡ್ಡೂ ಇತ್ತು. ಮಗುವಿನ ಗಂಜಿ ಯಾವ ಸಾಲಿನಲ್ಲಿತ್ತು? ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ನಮ್ಮ ರೂಢಿ ಕೊಟ್ಟಿತು, ಬಿಟ್ಟುಹೋದ ಮೇಲೆ ಮಗುವಿನ ಅನ್ನ ಯಾರದು ಅನ್ನುವ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಅವ್ವನ ಬೆನ್ನಿನ ಮೇಲೆ ಹೊರಿಸಿತು.

ಈಗಲೂ ಅದೇ ನಡೆಯುತ್ತಿದೆ. ಬದಲಾಗಿರುವುದು ಕಾಗದ ಮಾತ್ರ. ಸೋಡಚೀಟಿಯ ಜಾಗಕ್ಕೆ ಛಾಪಾ ಕಾಗದ ಬಂದಿದೆ. "ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ, ಜೀವನಾಂಶ ಕೇಳುವುದಿಲ್ಲ" ಅಂತ ಟೈಪು ಮಾಡಿಸಿ, ನೋಟರಿ ಸೀಲು ಒತ್ತಿಸಿ, ಹೆಣ್ಣಿನ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಸೀಲು ಇದೆಯಲ್ಲ, ಕೋರ್ಟೇ ಬಿಡಿಸಿದೆ ಅಂತ ಅವಳು ನಂಬುತ್ತಾಳೆ.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು, ನೋಟರಿ ಸೀಲಿನಿಂದ ವಿಚ್ಛೇದನ ಆಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ನಮ್ಮ ಜಾತಿಯಲ್ಲಿ ಇಂಥ ರೂಢಿ ಇದೆ, ಅದು ಹಿಂದಿನಿಂದ ನಡೆದು ಬಂದಿದೆ ಅಂತ ಕೋರ್ಟಿನ ಮುಂದೆ ಹೇಳಿ, ಸಾಕ್ಷಿ ಸಮೇತ ಸಾಬೀತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ರೂಢಿ ಸಾಬೀತಾಗದಿದ್ದರೆ ಹಳೆಯ ಮದುವೆ ಹಾಗೇ ಉಳಿದಿರುತ್ತದೆ, ಹೊಸ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗಾದರೂ ಆ ಎರಡನೇ ಮದುವೆಯಲ್ಲಿ ಹುಟ್ಟಿದ ಮಗು ಅನೈತಿಕ ಮಗು ಆಗುವುದಿಲ್ಲ. ಅದೇ ಕಾಯ್ದೆಯ 16ನೇ ಕಲಂ ಆ ಮಗುವನ್ನು ಸಕ್ರಮ ಅಂತ ಕರೆದಿದೆ.

ಎರಡನೆಯದು, ಇವತ್ತಿನ ಮಾತಿನ ತಿರುಳು. ಗಂಡ ಹೆಂಡಿರ ನಡುವೆ ಏನೇ ಒಪ್ಪಂದ ಆಗಲಿ, ಮಗು ಅದಕ್ಕೆ ಸಹಿ ಹಾಕಿಲ್ಲ. ಮಗುವಿನ ಅನ್ನವನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ಯಜಮಾನನಿಗೂ ಇಲ್ಲ.

ಇದನ್ನು ಹೇಳುವ ಕಾನೂನು ಯಾವುದು? ನಲವತ್ತು ಐವತ್ತು ವರ್ಷದಿಂದ ಕೋರ್ಟುಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು 125ನೇ ಕಲಂ, 1973ರ ದಂಡ ಪ್ರಕ್ರಿಯಾ ಸಂಹಿತೆಯದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ನಂಬರು ಬದಲಾಗಿದೆ, ತಿರುಳು ಅದೇ. ಶಕ್ತಿ ಇದ್ದೂ ಹೆಂಡತಿಯನ್ನು, ಮಕ್ಕಳನ್ನು, ಮುದಿ ತಂದೆ ತಾಯಿಯರನ್ನು ಸಾಕದೆ ಕೈಬಿಟ್ಟವನಿಗೆ ಪ್ರತಿ ತಿಂಗಳೂ ಇಷ್ಟು ಕೊಡು ಅಂತ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಮಗು ಮದುವೆಯಲ್ಲಿ ಹುಟ್ಟಿರಲಿ, ಮದುವೆಯಿಲ್ಲದೆ ಹುಟ್ಟಿರಲಿ, ಈ ಕಲಮಿಗೆ ಎರಡೂ ಒಂದೇ. ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ.

ಇದಕ್ಕೆ ವಿಚ್ಛೇದನ ಆಗಿರಬೇಕಾಗಿಲ್ಲ. ಈ ಮಾತನ್ನು ಊರಿಗೆ ಹೋದಾಗ ಹತ್ತು ಸಲ ಹೇಳಿ. "ಡೈವೋರ್ಸ್ ಆಗಿಲ್ವಲ್ಲ, ಏನಂತ ಕೇಳೋದು" ಅಂತ ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಸುಮ್ಮನಿದ್ದಾರೆ. ತವರಿನಲ್ಲಿ ಕೂತಿದ್ದರೂ ಕೇಳಬಹುದು, ಬಿಡುಗಡೆ ಆಗಿದ್ದರೂ ಮರುಮದುವೆ ಆಗುವ ತನಕ ಕೇಳಬಹುದು. ಮಗುವಿನ ಪರವಾಗಿ ಯಾವಾಗಲೂ ಕೇಳಬಹುದು.

ಹೆಂಡತಿಯ ಹಕ್ಕು ಬೇರೆ, ಮಗುವಿನ ಹಕ್ಕು ಬೇರೆ. ಇದನ್ನು ಬಿಡಿಸಿ ನೋಡದಿದ್ದರೆ ಮೋಸ ಹೋಗುತ್ತೇವೆ. ಹೆಂಡತಿಯ ಹಕ್ಕಿಗೆ ಕಾನೂನು ಕೆಲವು ಬೇಲಿ ಹಾಕಿದೆ. ಪರಪುರುಷನ ಜೊತೆ ಬಾಳುತ್ತಿದ್ದಾಳೆ ಅಂತ ಸಾಬೀತಾದರೆ, ಸರಿಯಾದ ಕಾರಣ ಇಲ್ಲದೆ ಗಂಡನ ಜೊತೆ ಇರಲು ಒಪ್ಪದಿದ್ದರೆ, ಇಬ್ಬರೂ ಒಪ್ಪಿ ಬೇರೆ ಇದ್ದರೆ ಅವಳಿಗೆ ಸಿಗುವುದಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದರೆ ಅದೇ ಅವಳು ಬೇರೆ ಇರಲು ಸರಿಯಾದ ಕಾರಣ. ವಿಚ್ಛೇದನದ ನಂತರ ಅವಳಾಗಿಯೇ ಮನಸಾರೆ ಜೀವನಾಂಶ ಬಿಟ್ಟುಕೊಟ್ಟಿದ್ದರೆ ಆಜ್ಞೆಯನ್ನು ರದ್ದು ಮಾಡಲೂಬಹುದು. ಅದಕ್ಕೇ ಹೇಳುವುದು, ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಅಂತ.

ಆದರೆ ಈ ಬೇಲಿಗಳಲ್ಲಿ ಒಂದೂ ಮಗುವಿಗೆ ಇಲ್ಲ. "ಅವಳ ನಡತೆ ಸರಿಯಿಲ್ಲ" ಅಂತಾರೆ. ಇರಲಿ, ಮಗುವಿನ ನಡತೆಗೇನಾಗಿದೆ? "ಅವಳು ಕೂಡಿಕೆ ಮಾಡಿಕೊಂಡಳು" ಅಂತಾರೆ. ಮಾಡಿಕೊಳ್ಳಲಿ, ಮಗುವಿನ ಅಪ್ಪ ಬದಲಾಗಲಿಲ್ಲವಲ್ಲ. "ಅವಳೂ ಕೂಲಿ ಮಾಡ್ತಾಳೆ" ಅಂತಾರೆ. ಹೆಂಗಸು ಹೊಟ್ಟೆಪಾಡಿಗೆ ಅಷ್ಟಿಷ್ಟು ದುಡಿದ ಮಾತ್ರಕ್ಕೆ ಅವಳ ಸ್ವಂತ ಜೀವನಾಂಶವೂ ತಪ್ಪಿಹೋಗುವುದಿಲ್ಲ ಅಂತ 2007ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿನದು ತಪ್ಪುವ ಮಾತೆಲ್ಲಿ ಬಂತು? ಅವ್ವ ಮರುಮದುವೆಯಾಗಿ ಹೋಗಿ ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ಕೇರಿಗಳಲ್ಲಿ ಎಷ್ಟಿಲ್ಲ? ಅಂಥ ಮಗುವಿನ ಪರವಾಗಿ ಅದನ್ನು ಸಾಕುತ್ತಿರುವವರು ಅರ್ಜಿ ಹಾಕಬಹುದು.

ಬಸವಿ ಬಿಟ್ಟು, ದೇವದಾಸಿ ಮಾಡಿ, ನಮ್ಮ ಹೆಣ್ಣುಮಕ್ಕಳನ್ನು ಊರಿನ ಉಳ್ಳವರು ಬಳಸಿಕೊಂಡ ಚರಿತ್ರೆ ನಮಗೆಲ್ಲ ಗೊತ್ತು. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿತು. ಆ ತಾಯಂದಿರ ಮಕ್ಕಳಿಗೆ ದೇವರೇ ಅಪ್ಪ ಅಂತ ಹೇಳಿ ಕೈತೊಳೆದುಕೊಂಡರು. ಶಾಲೆಯ ರಿಜಿಸ್ಟರಿನಲ್ಲಿ ಕಾಲಂ ಖಾಲಿ ಇರಬಹುದು. ಈ ಕಾನೂನಿನ ಪ್ರಕಾರ ಮಗು ಇಂಥವನದು ಅಂತ ಸಾಬೀತಾದರೆ ಅದನ್ನು ಸಾಕುವ ಹೊಣೆ ಅವನದೇ. ಅವನು ಗೌಡನಿರಲಿ, ಸಾಹುಕಾರನಿರಲಿ.

ಇನ್ನು ಧರ್ಮದ ಮಾತು. 1956ರಲ್ಲಿ ಬಾಬಾಸಾಹೇಬರ ಹಿಂದೆ ಬೌದ್ಧರಾದವರಿಗೂ ಮದುವೆ, ವಿಚ್ಛೇದನದಲ್ಲಿ ಅನ್ವಯಿಸುವುದು ಇದೇ ಹಿಂದೂ ವಿವಾಹ ಕಾಯ್ದೆ. ಆ ಕಾಯ್ದೆ ಬೌದ್ಧ, ಜೈನ, ಸಿಖ್ಖರನ್ನೂ ಒಳಗೆ ಸೇರಿಸಿಕೊಂಡಿದೆ. ಕ್ರೈಸ್ತರಿಗೆ 1869ರ ಕಾಯ್ದೆ ಇದೆ. ಜಾತಿ ಮೀರಿ, ಧರ್ಮ ಮೀರಿ ರಿಜಿಸ್ಟರ್ ಮದುವೆ ಆದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಜೀವನಾಂಶದ ಈ ಕಲಂ ಮಾತ್ರ ಎಲ್ಲರಿಗೂ ಸೇರಿದ್ದು. ಶಾ ಬಾನು ಎಂಬ ಮುದುಕಿಗೆ ಇಂದೋರಿನ ಮ್ಯಾಜಿಸ್ಟ್ರೇಟರು ಮೊದಲು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದನ್ನು 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ದೇಶವೇ ಅಲ್ಲಾಡಿತು, 1986ರಲ್ಲಿ ಬೇರೆ ಕಾನೂನೇ ಬಂತು. ಕೊನೆಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು, ವಿಚ್ಛೇದಿತ ಮುಸ್ಲಿಂ ಹೆಣ್ಣುಮಗಳೂ ಈ ಕಲಮಿನಡಿ ಕೇಳಬಹುದು ಅಂತ. ನೂರೆಂಬತ್ತು ರೂಪಾಯಿಯೂ ಪೂರ್ತಿ ಇಲ್ಲದ ಜೀವನಾಂಶಕ್ಕೆ ಗಂಡಸಿನ ಲೋಕ ಎಷ್ಟು ಹೆದರಿತು ನೋಡಿ.

ಈಗ ಕೈಯಿಂದ ಮಾಡುವ ಕೆಲಸಕ್ಕೆ ಬರೋಣ. ಪೆನ್ನು ಇದ್ದವರು ಬರೆದುಕೊಳ್ಳಿ.

ಎಲ್ಲಿ ಹೋಗಬೇಕು? ಕೌಟುಂಬಿಕ ನ್ಯಾಯಾಲಯ ಇರುವ ಊರಿನಲ್ಲಿ ಅಲ್ಲಿಗೆ. ಇಲ್ಲದ ಕಡೆ ತಾಲ್ಲೂಕಿನ ಜೆ.ಎಂ.ಎಫ್.ಸಿ. ಕೋರ್ಟಿಗೆ. ಗಂಡನ ಊರಿಗೇ ಹೋಗಿ ಅಲೆಯಬೇಕಾಗಿಲ್ಲ. ಹೆಣ್ಣುಮಗಳು ತಾನು ವಾಸವಿರುವ ಕಡೆಯೇ ಹಾಕಬಹುದು.

ವಕೀಲರಿಗೆ ದುಡ್ಡು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡಬೇಕು. ಇವರಿಗೆ ಆದಾಯದ ಮಿತಿ ಇಲ್ಲ. ನಮ್ಮ ಅವ್ವ ಅಕ್ಕಂದಿರು ಎರಡು ಕಡೆಯಿಂದ ಇದಕ್ಕೆ ಹಕ್ಕುದಾರರು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ ನಂಬರು 15100.

ಏನು ಒಯ್ಯಬೇಕು? ಮಗುವಿನ ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ. ಲಗ್ನಪತ್ರಿಕೆ, ಮದುವೆಯ ಫೋಟೋ, ರೇಷನ್ ಕಾರ್ಡು, ಯಾವುದಿದೆಯೋ ಅದು. ಅವನಿಗೆ ಜಮೀನಿದ್ದರೆ ಪಹಣಿ. ನೌಕರಿ ಇದ್ದರೆ ಯಾವ ಇಲಾಖೆ, ಯಾವ ಊರು. ಮಗುವಿನ ಫೀಜು, ಪುಸ್ತಕ, ಔಷಧಿಯ ಚೀಟಿಗಳು. ಚೀಟಿ ಬಿಸಾಡಬೇಡಿ, ಮಗುವಿನ ಖರ್ಚನ್ನು ತೋರಿಸುವುದು ಅವೇ.

ಎಷ್ಟು ಸಿಗುತ್ತದೆ? ಹಳೆಯ 125ನೇ ಕಲಮಿನ ಮೂಲ ರೂಪದಲ್ಲಿ ಎಂಥ ಶ್ರೀಮಂತನಾದರೂ ತಿಂಗಳಿಗೆ 500 ರೂಪಾಯಿ ಮೀರುವಂತಿರಲಿಲ್ಲ. 2001ರ ತಿದ್ದುಪಡಿ ಆ ಮಿತಿಯನ್ನು ಕಿತ್ತುಹಾಕಿತು. ಈಗ ಅವನ ಶಕ್ತಿ, ಇವರ ಅಗತ್ಯ ಎರಡನ್ನೂ ತೂಗಿ ಕೋರ್ಟು ನಿರ್ಧರಿಸುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. "ಕೆಲಸ ಇಲ್ಲ ಸ್ವಾಮಿ, ಕೈಯಲ್ಲಿ ಕಾಸಿಲ್ಲ" ಅನ್ನುವವನಿಗೂ ಉತ್ತರ ಇದೆ. ಮೈಯಲ್ಲಿ ಶಕ್ತಿ ಇರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಅವ್ವಂದಿರು ಇದನ್ನು ಯಾವ ತೀರ್ಪೂ ಇಲ್ಲದೆ ಮಾಡಿ ತೋರಿಸಿದ್ದಾರೆ.

ಕೇಸು ವರ್ಷಗಟ್ಟಲೆ ಎಳೆಯುತ್ತದಲ್ಲ ಅಂತ ಕೇಳುತ್ತೀರಿ. ಎಳೆಯುತ್ತದೆ. ಅದಕ್ಕೇ ಮೊದಲ ದಿನವೇ ಮಧ್ಯಂತರ ಜೀವನಾಂಶಕ್ಕೆ ಬೇರೆ ಅರ್ಜಿ ಹಾಕಬೇಕು. ನೋಟೀಸು ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿದೆ. ಕೊನೆಯ ಆಜ್ಞೆಯಲ್ಲಿ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು ಅಂತಲೂ 2020ರ ಅದೇ ತೀರ್ಪು ಹೇಳಿದೆ. ತಿಂಗಳಿಗೆ 3,000 ರೂಪಾಯಿ ಆಯಿತು ಅಂದುಕೊಳ್ಳಿ. ಕೇಸು ಎರಡು ವರ್ಷ ನಡೆದರೆ ಆ ಅವಧಿಯ 72,000 ರೂಪಾಯಿಯೂ ಮಗುವಿಗೆ ಸೇರಬೇಕು. ತಡಮಾಡಿದ ಒಂದೊಂದು ತಿಂಗಳೂ ಮಗುವಿನ ತಟ್ಟೆಯಿಂದ ಕಳೆದುಹೋದ ತಿಂಗಳು.

ಆಜ್ಞೆ ಆದ ಮೇಲೂ ಕೊಡದಿದ್ದರೆ? ಅಮಲ್ಜಾರಿ ಅರ್ಜಿ ಹಾಕಬೇಕು. ಕೋರ್ಟು ವಾರಂಟು ಹೊರಡಿಸುತ್ತದೆ. ಬಾಕಿ ಕಟ್ಟದಿದ್ದರೆ ಒಂದು ತಿಂಗಳವರೆಗೆ, ಇಲ್ಲವೇ ಅದಕ್ಕೆ ಮೊದಲೇ ಹಣ ಕಟ್ಟುವವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ ಅನ್ನುವಂತಿಲ್ಲ, ಬಾಕಿ ಹಾಗೇ ಇರುತ್ತದೆ. ಸಂಬಳದವನಾದರೆ ಸಂಬಳಕ್ಕೂ ಕೈಹಾಕಬಹುದು. ಆದರೆ ಒಂದು ಗಡುವು ಇದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಈ ಅರ್ಜಿ ಹಾಕಬೇಕು. "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ" ಅಂತ ಕಾದು ಕೂತವಳ ಹಳೆಯ ಬಾಕಿ ವಾರಂಟಿನ ಕೈಗೆ ಸಿಗದೆ ಹೋಗುತ್ತದೆ. ವಾಯಿದೆಯ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡುವ ಕೆಲಸ ನಮ್ಮದು.

ಇನ್ನು ವಿಚ್ಛೇದನವೇ ಬೇಕು ಅನ್ನುವವರ ಮಾತು. ಕ್ರೌರ್ಯ, ಎರಡು ವರ್ಷ ತೊರೆದಿರುವುದು, ವ್ಯಭಿಚಾರ, ಮತಾಂತರ ಮೊದಲಾದ ಕಾರಣಗಳನ್ನು ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಹೆಣ್ಣಿಗೆ ಮಾತ್ರ ಕೊಟ್ಟ ಇನ್ನೆರಡು ದಾರಿ ನಮ್ಮವರಿಗೆ ಗೊತ್ತೇ ಇಲ್ಲ. ಹದಿನೈದು ತುಂಬುವ ಮೊದಲೇ ಮದುವೆ ಮಾಡಿದ್ದರೆ, ಆ ಹುಡುಗಿ ಹದಿನೆಂಟು ತುಂಬುವುದರೊಳಗೆ ಆ ಮದುವೆಯನ್ನು ನಿರಾಕರಿಸಿದ್ದರೆ, ಅದೇ ವಿಚ್ಛೇದನಕ್ಕೆ ಕಾರಣ. ಹೆಂಡತಿಗೆ ಜೀವನಾಂಶದ ಆಜ್ಞೆ ಆಗಿ ಒಂದು ವರ್ಷ ಕಳೆದರೂ ಇಬ್ಬರೂ ಕೂಡಿ ಬಾಳದಿದ್ದರೆ, ಅದೂ ಕಾರಣ. ಅಂದರೆ ಜೀವನಾಂಶದ ಅರ್ಜಿ ಎರಡು ಬಾಗಿಲು ತೆರೆಯುತ್ತದೆ.

ಇಬ್ಬರೂ ಒಪ್ಪಿದರೆ 13ಬಿ ಕಲಂ ಇದೆ. ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಬೇಕು, ಆರು ತಿಂಗಳು ಕಾಯಬೇಕು. ಕೂಡಿಬಾಳುವ ಆಸೆಯೇ ಉಳಿಯದ ಕಡೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರಲ್ಲಿ ತೀರ್ಪಾಗಿದೆ. ಈ ದಾರಿಯಲ್ಲೇ ಹೆಚ್ಚು ಎಚ್ಚರ ಬೇಕು. ಬೇಗ ಮುಗಿಯಲಿ ಅನ್ನುವ ಅವಸರದಲ್ಲಿ ಮಗುವಿನ ಸಾಲು ಬಿಟ್ಟುಹೋಗುತ್ತದೆ. ಮಗು ಯಾರ ಹತ್ತಿರ, ತಿಂಗಳಿಗೆ ಎಷ್ಟು, ಓದಿನ ಖರ್ಚು ಯಾರದು, ಇವೆಲ್ಲ ಆ ಕಾಗದದಲ್ಲಿ ಇರಲೇಬೇಕು. "ದುಡ್ಡು ಕೇಳಿದರೆ ಮಗೂನ ಕಿತ್ಕೊಂಡು ಹೋಗ್ತೀನಿ" ಅಂತ ಹೆದರಿಸುವುದೂ ಇದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಅಂತ 1956ರ ಕಾಯ್ದೆ ಹೇಳುತ್ತದೆ. ಆಮೇಲೂ ಕೋರ್ಟು ನೋಡುವುದು ಮಗುವಿನ ಹಿತವನ್ನು, ಅಪ್ಪನ ಜಂಬವನ್ನಲ್ಲ.

ನಮ್ಮ ವಯಸ್ಸಿನವರ ಮಾತು ಬೇರೆ. 144ನೇ ಕಲಮಿನಲ್ಲಿ ಮಗುವಿನ ಹಕ್ಕು ಹದಿನೆಂಟಕ್ಕೆ ಮುಗಿಯುತ್ತದೆ, ಅಂಗವೈಕಲ್ಯ ಇದ್ದು ದುಡಿಯಲಾರದವರಿಗೆ ಮಾತ್ರ ಮುಂದುವರಿಯುತ್ತದೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ, ಓದಿನ ಖರ್ಚು ಏರುವ ಹೊತ್ತಿಗೇ ಹುಡುಗನಿಗೆ ಬಾಗಿಲು ಮುಚ್ಚುತ್ತದೆ. ಇದು ಕಾನೂನಿನ ಕೊರತೆ, ಇದರ ಬಗ್ಗೆ ನಾವು ದನಿ ಎತ್ತಬೇಕು. ಹುಡುಗಿಯರಿಗೆ ಇನ್ನೊಂದು ದಾರಿ ಇದೆ. ಮದುವೆಯಾಗದ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗಳು ಹದಿನೆಂಟು ದಾಟಿದರೂ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಡಿ ತಂದೆಯನ್ನು ಕೇಳಬಹುದು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಇಲ್ಲಿ ಕೂತಿರುವ ಗೆಳತಿಯರಲ್ಲಿ ಯಾರಿಗಾದರೂ ಇದು ಬೇಕಾಗಿರಬಹುದು. ನಾಚಬೇಕಾದವರು ನೀವಲ್ಲ.

ಕೊನೆಗೆ ನಮ್ಮ ಗಂಡು ಗೆಳೆಯರಿಗೆ ಒಂದು ಮಾತು, ಕಹಿಯಾದರೂ ಹೇಳಬೇಕು. ಮೀಸಲಾತಿಯಿಂದ ನೌಕರಿ ಸಿಕ್ಕಿ, ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ, ಊರಲ್ಲಿ ಕಟ್ಟಿಕೊಂಡವಳಿಗೆ ಓದು ಬರೋದಿಲ್ಲ, ನಮ್ಮ ಲೆವೆಲ್ಲಿಗೆ ಅವಳು ಹೊಂದೋದಿಲ್ಲ ಅನ್ನುವ ಅಣ್ಣಂದಿರನ್ನು ನಾವು ನೋಡಿದ್ದೇವೆ. ಸಭೆಯಲ್ಲಿ ಸಮಾನತೆಯ ಹಾಡು, ಹಟ್ಟಿಯಲ್ಲಿ ಹಸಿದ ಮಗು. ಮೇಲ್ಜಾತಿಯವನು ನಮ್ಮನ್ನು ಮುಟ್ಟದೆ ದೂರ ಇಟ್ಟ. ಹೆತ್ತ ಮಗುವನ್ನು ಮುಟ್ಟದೆ ದೂರ ಇಟ್ಟವನಿಗೆ ಯಾವ ಹೆಸರು ಕೊಡೋಣ? ಗಂಡ ಹೆಂಡತಿಗೆ ಸರಿಬರಲಿಲ್ಲ, ಬೇರೆಯಾದರು. ಅದು ಪಾಪವಲ್ಲ, ನಮ್ಮ ಹಿರಿಯರೂ ಆಗಿದ್ದಾರೆ. ಆದರೆ ಹೆಂಡತಿಯಿಂದ ಬಿಡುಗಡೆ ಪಡೆದವನು ಮಗುವಿನಿಂದ ಬಿಡುಗಡೆ ಪಡೆಯಲಿಲ್ಲ.

ಆದ್ದರಿಂದ ಈ ರಜೆಗೆ ಊರಿಗೆ ಹೋದಾಗ ಮೂರು ಕೆಲಸ ಮಾಡೋಣ. ಕೇರಿಯಲ್ಲಿ ಮಗು ಕಟ್ಟಿಕೊಂಡು ತವರಿಗೆ ಬಂದಿರುವ ಒಬ್ಬ ಅಕ್ಕನ ಹತ್ತಿರ ಕೂತು, ಅವಳ ಕಾಗದ ಪತ್ರ ಜೋಡಿಸಿಕೊಡೋಣ. ಅವಳ ಜೊತೆ ಕಾನೂನು ಸೇವಾ ಸಮಿತಿಯ ಬಾಗಿಲ ತನಕ ಹೋಗೋಣ. ಕೋರ್ಟಿನ ಆವರಣದಲ್ಲಿ ಒಂಟಿ ಹೆಂಗಸನ್ನು ಹೆದರಿಸುವವರು ಬಹಳ, ಪಕ್ಕದಲ್ಲಿ ಓದಿದ ಒಬ್ಬರು ನಿಂತಿದ್ದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಮೂರನೆಯದು, ಊರಲ್ಲಿ ಬಿಡುಗಡೆಯ ಪಂಚಾಯ್ತಿ ಕೂತರೆ ಅಲ್ಲಿಗೆ ಹೋಗಿ ಹಿರಿಯರಿಗೆ ಕೈಮುಗಿದು, ಎಲೆ ಅಡಿಕೆ ತಟ್ಟೆ ಮುಂದೆ ಬರುವುದಕ್ಕೆ ಮೊದಲೇ ಒಂದೇ ಒಂದು ಪ್ರಶ್ನೆ ಕೇಳೋಣ.

"ಯಜಮಾನರೇ, ಇದರಲ್ಲಿ ಮಗುವಿನ ಪಾಲು ಎಷ್ಟು ಬರೆದಿದ್ದೀರಿ?"

ಜೈ ಭೀಮ್.